4294967297ಕ್ಕೆ 641 ಭಾಜಕವೆಂದು ಕೈಲೆಕ್ಕದಲ್ಲಿ ಕಂಡುಕೊಂಡದ್ದು ಹೇಗೆ?

ಪ್ರಶ್ನೆ:
2ರ 1, 2, 4, 8, 16ನೆಯ ಘಾತಗಳಿಗೆ ಒಂದೊಂದು ಕೂಡಿಸಿದರೆ 3, 5, 17, 257, 65537 ದೊರೆಯುತ್ತವೆ, ಐದೂ ಅವಿಭಾಜ್ಯಗಳು. ಈ ಸಾಲು ಹೀಗೆಯೇ ಮುಂದುವರಿಯುತ್ತದೆ ಎಂದು 17ನೆಯ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದರು. ಆದರೆ ಆರನೆಯದಾದ 2³² + 1, ಅಂದರೆ 4294967297, 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು ಗಣಿತಜ್ಞ ಆಯ್ಲರ್ 1732ರಲ್ಲಿ ತಿಳಿಸಿದರು. ನಾನು 3, 7, 11 ಎಂದು ಒಂದೊಂದನ್ನೇ ಹಿಡಿದು ಕಾಗದದ ಮೇಲೆ ಭಾಗಿಸುತ್ತಾ 97ರವರೆಗೆ ಬಂದಿದ್ದೇನೆ. 641 ಎಂಬುದು 116ನೆಯ ಅವಿಭಾಜ್ಯ. ಅಷ್ಟೂ ಭಾಗಾಕಾರಗಳನ್ನು ಮಾಡದೆ ಅಲ್ಲಿಗೆ ತಲುಪುವ ದಾರಿ ಇದೆಯೇ?

ಮೊದಲ ಉತ್ತರ:
ಇದೆ, ಮತ್ತು ಆ ದಾರಿಯನ್ನು ತೆರೆದುಕೊಡುವುದು ಫರ್ಮಾ ಅವರದೇ ಪ್ರಮೇಯ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಒಂದು ಅವಿಭಾಜ್ಯವು 2³² + 1 ಅನ್ನು ಭಾಗಿಸುವುದಾದರೆ, ಅದರಿಂದ 2³² ಅನ್ನು ಭಾಗಿಸಿದಾಗ ಶೇಷ −1 (ಅಂದರೆ ಭಾಜಕಕ್ಕಿಂತ 1 ಕಡಿಮೆ) ಆಗಬೇಕು. ವರ್ಗ ಮಾಡಿದರೆ 2⁶⁴ಕ್ಕೆ ಶೇಷ 1. ಹೀಗೆ ಶೇಷ 1 ಮೊದಲ ಬಾರಿಗೆ ಕಾಣಿಸಿಕೊಳ್ಳುವುದು 64ನೆಯ ಘಾತದಲ್ಲೇ; ಆಮೇಲೆ ಅದು 64ರ ಅಪವರ್ತ್ಯಗಳಲ್ಲಿ ಮಾತ್ರ ಮರುಕಳಿಸುತ್ತದೆ. ಫರ್ಮಾ ಪ್ರಮೇಯದ ಪ್ರಕಾರ, ಆ ಅವಿಭಾಜ್ಯಕ್ಕಿಂತ 1 ಕಡಿಮೆಯಾದ ಘಾತದಲ್ಲೂ ಶೇಷ 1 ಬರುತ್ತದೆ; ಆದ್ದರಿಂದ ಆ ಅವಿಭಾಜ್ಯದಲ್ಲಿ 1 ಕಳೆದರೆ ಉಳಿಯುವುದು 64ರ ಅಪವರ್ತ್ಯವಾಗಿರಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577, 641. ಐದನೆಯ ಪ್ರಯತ್ನಕ್ಕೇ ಭಾಜಕ ಸಿಗುತ್ತದೆ.

ಎರಡನೆಯ ಉತ್ತರ:
641 ಎಂದು ಗೊತ್ತಾದ ಮೇಲೆ ಭಾಗಾಕಾರವೂ ಬೇಡ. 641 = 5 × 2⁷ + 1; ಅದೇ 641 = 5⁴ + 2⁴. ಮೊದಲನೆಯದರಿಂದ 5 × 2⁷ಕ್ಕೆ ಶೇಷ −1, ಆದ್ದರಿಂದ ಅದರ ನಾಲ್ಕನೆಯ ಘಾತವಾದ 5⁴ × 2²⁸ಕ್ಕೆ ಶೇಷ 1. ಎರಡನೆಯದರ ಪ್ರಕಾರ 5⁴ರ ಬದಲು −2⁴ ಇಡಬಹುದು. ಆಗ −2³²ಕ್ಕೆ ಶೇಷ 1, ಅಂದರೆ 2³² + 1ಕ್ಕೆ ಶೇಷ ಸೊನ್ನೆ. ಇಷ್ಟು ಚಿಕ್ಕದಾದ, ಇಷ್ಟು ಅಚ್ಚುಕಟ್ಟಾದ ಸಾಧನೆಗಳು ಅಪರೂಪ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಭಾಗಲಬ್ಧ 6700417 ಬಂದಿದೆ. ಅದು ಅವಿಭಾಜ್ಯವೆಂದು ಇದೇ ರೀತಿ ತಿಳಿಯಬಹುದೇ?

ಮೂರನೆಯ ಉತ್ತರ:
ಖಂಡಿತ. 6700417ರ ಯಾವುದೇ ಭಾಜಕ 4294967297ಕ್ಕೂ ಭಾಜಕವೇ, ಹಾಗಾಗಿ ಅದೇ ನಿಯಮ ಇಲ್ಲೂ ಸಲ್ಲುತ್ತದೆ. ಗಣಿತಜ್ಞ ಲ್ಯೂಕಾ 1878ರಲ್ಲಿ ಈ ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿದರು: ಇಲ್ಲಿ 64ರ ಬದಲು 128ರ ಅಪವರ್ತ್ಯಕ್ಕೆ 1 ಕೂಡಿದ ಸಂಖ್ಯೆಗಳನ್ನು ಮಾತ್ರ ನೋಡಿದರೆ ಸಾಕು. 6700417ರ ವರ್ಗಮೂಲ 2588ಕ್ಕಿಂತ ತುಸು ಹೆಚ್ಚು. ಅದರೊಳಗೆ ಅಂಥ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. ಇವುಗಳಲ್ಲಿ 257 ಅನ್ನು ಲೆಕ್ಕ ಮಾಡದೆಯೇ ಕೈಬಿಡಬಹುದು, ಏಕೆಂದರೆ ನೀವು ಬರೆದ ಮೊದಲ ಐದು ಸಂಖ್ಯೆಗಳ ಗುಣಲಬ್ಧ 4294967295, ನಮ್ಮ ಸಂಖ್ಯೆಗಿಂತ ಸರಿಯಾಗಿ 2 ಕಡಿಮೆ. ಎರಡನ್ನೂ ಭಾಗಿಸುವ ಸಂಖ್ಯೆ ಆ 2 ಅನ್ನೂ ಭಾಗಿಸಬೇಕು; ಹಾಗಾಗಿ ಆ ಐದರಲ್ಲಿ ಯಾವುದೂ ನಮ್ಮ ಸಂಖ್ಯೆಯನ್ನು ಭಾಗಿಸಲಾರದು. ಉಳಿದದ್ದು ನಾಲ್ಕೇ ಭಾಗಾಕಾರ.

ಪ್ರಶ್ನೆ ಕೇಳಿದವರು:
ನಾಲ್ಕನ್ನೂ ಕೈಯಲ್ಲೇ ಮಾಡಿದೆ. ಶೇಷಗಳು ಕ್ರಮವಾಗಿ 44, 120, 334, 622. ಒಂದೂ ಸೊನ್ನೆಯಲ್ಲ; 6700417 ಅವಿಭಾಜ್ಯವೇ.