ಬ್ರಿಟನ್ನಿನ ಕೇರ್ ವರ್ಕರ್ ವೀಸಾ: ಈಗಾಗಲೇ ಅಲ್ಲಿರುವವರು ನವೀಕರಿಸಿಕೊಳ್ಳಬಹುದೇ?

ಪ್ರಶ್ನೆ (ಚಿಂತೆಯಲ್ಲಿರುವ ಅಣ್ಣ):

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ 2023ರ ಅಕ್ಟೋಬರ್‌ನಲ್ಲಿ ಮೂರು ವರ್ಷಗಳ ಹೆಲ್ತ್ ಅಂಡ್ ಕೇರ್ ವೀಸಾ ಪಡೆದು ಇಂಗ್ಲೆಂಡಿನ ಒಂದು ಸಂಸ್ಥೆಯಲ್ಲಿ ಕೇರ್ ವರ್ಕರ್ (ವೃದ್ಧರು, ಅಶಕ್ತರ ಆರೈಕೆ ಮಾಡುವವಳು) ಆಗಿ ಸೇರಿದಳು. ಅದೇ ವರ್ಷ ಡಿಸೆಂಬರ್‌ನಲ್ಲಿ ಅವಳ ಗಂಡ ಮತ್ತು ಮಗು ಅವಲಂಬಿತರ ವೀಸಾದಲ್ಲಿ ಅಲ್ಲಿಗೆ ಹೋದರು. 2025ರ ಜುಲೈ 22ರಿಂದ ಕೇರ್ ವರ್ಕರ್ ವೀಸಾವನ್ನು ನಿಲ್ಲಿಸಲಾಗಿದೆ ಎಂಬ ಸುದ್ದಿಯನ್ನು ಓದಿದಂದಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ, ಏಕೆಂದರೆ ಅವಳ ವೀಸಾ ಅವಧಿ 2026ರ ಅಕ್ಟೋಬರ್‌ಗೆ ಮುಗಿಯುತ್ತದೆ.

ಇನ್ನೊಂದು ತೊಂದರೆಯೂ ಇದೆ. ಒಪ್ಪಂದದಲ್ಲಿ ವಾರಕ್ಕೆ 39 ಗಂಟೆಗಳ ಕೆಲಸ ಎಂದಿದ್ದರೂ ಹಲವು ತಿಂಗಳುಗಳಿಂದ 20–22 ಗಂಟೆಗಳಷ್ಟೇ ಸಿಗುತ್ತಿದೆ. ಕೇಳಿದರೆ ವೀಸಾ ರದ್ದು ಮಾಡುತ್ತೇವೆಂದು ಹೆದರಿಸುತ್ತಾರೆ. ನವೀಕರಣಕ್ಕೆ ಬೇಕಾದ ಸ್ಪಾನ್ಸರ್‌ಶಿಪ್ ಪ್ರಮಾಣಪತ್ರವನ್ನು (ವಿದೇಶಿ ನೌಕರರಿಗೆ ಕೆಲಸ ಕೊಡುವ ಸಂಸ್ಥೆ ವೀಸಾಕ್ಕಾಗಿ ನೀಡುವ ದಾಖಲೆ) ಕೊಡಲು ದೊಡ್ಡ ಮೊತ್ತವನ್ನೂ ಕೇಳುತ್ತಿದ್ದಾರೆ. ಅವಳು ಅಲ್ಲಿಯೇ ಮುಂದುವರಿಯಬಹುದೇ? ಕೆಲಸ ಬದಲಿಸಿದರೆ ಗಂಡ ಮತ್ತು ಮಗುವಿನ ವೀಸಾ ಏನಾಗುತ್ತದೆ? ತಿಳಿದವರು ದಯವಿಟ್ಟು ಉತ್ತರಿಸಿ.

ಉತ್ತರ 1 (2022ರಿಂದ ಕೇರ್ ಹೋಮ್‌ನಲ್ಲಿ ಕೆಲಸ ಮಾಡುತ್ತಿರುವವಳು):

ಮೊದಲು ಧೈರ್ಯ ತಂದುಕೊಳ್ಳಿ. ಜುಲೈ 22ರಂದು ಮುಚ್ಚಿದ್ದು ಹೊರದೇಶಗಳಿಂದ ಹೊಸದಾಗಿ ಅರ್ಜಿ ಹಾಕುವವರ ದಾರಿ. ಆ ದಿನಕ್ಕೂ ಮೊದಲೇ ಈ ವೀಸಾದಲ್ಲಿದ್ದು, ನಡುವೆ ಅವಧಿ ತಪ್ಪದಂತೆ ಉಳಿದುಕೊಂಡಿರುವವರು ನವೀಕರಿಸಿಕೊಳ್ಳಬಹುದು, ವಿದೇಶಿಯರನ್ನು ನೇಮಿಸಿಕೊಳ್ಳುವ (ಸ್ಪಾನ್ಸರ್) ಪರವಾನಗಿಯಿರುವ ಬೇರೆ ಸಂಸ್ಥೆಗೂ ಹೋಗಬಹುದು. ಕುಟುಂಬದ ವಿಷಯದಲ್ಲಿಯೂ ದಿನಾಂಕವೇ ನಿರ್ಣಾಯಕ. ಕೇರ್ ವರ್ಕರ್‌ಗಳು ಅವಲಂಬಿತರನ್ನು ಕರೆತರಬಾರದೆಂಬ ನಿಯಮ 2024ರ ಮಾರ್ಚ್ 11ರಿಂದ ಜಾರಿಗೆ ಬಂದಿತು. ನಿಮ್ಮ ತಂಗಿ ಅದಕ್ಕಿಂತ ಮೊದಲೇ ಈ ವೀಸಾ ಪಡೆದಿರುವುದರಿಂದ ಅವಳು ಸಂಸ್ಥೆ ಬದಲಿಸಿದರೂ ಗಂಡ ಮತ್ತು ಮಗು ಜೊತೆಯಲ್ಲಿರಬಹುದು. ಅವರ ವೀಸಾ ನವೀಕರಣಕ್ಕೂ ಸಕಾಲದಲ್ಲಿ ಅರ್ಜಿ ಹಾಕಬೇಕು ಎಂಬುದನ್ನು ಮಾತ್ರ ಮರೆಯಬೇಡಿ.

ನಿಜವಾದ ಅಡ್ಡಿ ಸಂಬಳದ್ದು. 2025ರ ಏಪ್ರಿಲ್ 9ರಿಂದ ಕನಿಷ್ಠ ಸಂಬಳವು ವರ್ಷಕ್ಕೆ 25,000 ಪೌಂಡ್, ಗಂಟೆಗೆ 12.82 ಪೌಂಡ್. ವಾರಕ್ಕೆ 37.5 ಗಂಟೆ ದುಡಿದರಷ್ಟೇ ಈ ಎರಡು ಲೆಕ್ಕಗಳು ಹೊಂದುತ್ತವೆ. 22 ಗಂಟೆಗಳ ಕೆಲಸದಿಂದ ಆ ಮೊತ್ತವನ್ನು ತಲುಪುವುದು ಸಾಧ್ಯವೇ ಇಲ್ಲ. ಆದ್ದರಿಂದ ಪೂರ್ಣ ಗಂಟೆಗಳನ್ನು ಕೊಡುವ ಸಂಸ್ಥೆಯನ್ನು ಈಗಿನಿಂದಲೇ ಹುಡುಕಲಿ. ಹೊಸ ಸಂಸ್ಥೆಯಿಂದ ಪ್ರಮಾಣಪತ್ರ ಬಂದ ಮೇಲೆ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಅರ್ಜಿ ಮಂಜೂರಾಗುವವರೆಗೆ ಈಗಿನ ಕೆಲಸವನ್ನು ಬಿಡಬಾರದು, ದೇಶ ಬಿಟ್ಟು ಪ್ರಯಾಣ ಮಾಡಲೂಬಾರದು. ಹೊರಗೆ ಹೋದರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆಯೇ ಪರಿಗಣಿಸುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಆತುರದಲ್ಲಿ ರಾಜೀನಾಮೆ ಕೊಟ್ಟು ಪಟ್ಟ ಪಾಡನ್ನು ಕಣ್ಣಾರೆ ಕಂಡಿದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಉತ್ತರ 2 (ಸ್ಪಾನ್ಸರ್ ಪರವಾನಗಿ ರದ್ದಾದಾಗ ಕೆಲಸ ಕಳೆದುಕೊಂಡಿದ್ದವನು):

‘ವೀಸಾ ರದ್ದು ಮಾಡುತ್ತೇವೆ’ ಎಂಬ ಬೆದರಿಕೆಗೆ ನಾನೂ ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ, ಹಾಗಾಗಿ ಈ ಮಾತನ್ನು ನಿಮ್ಮ ತಂಗಿಗೆ ತಪ್ಪದೆ ತಿಳಿಸಿ. ಸಂಸ್ಥೆಗೆ ಯಾರ ವೀಸಾವನ್ನೂ ರದ್ದು ಮಾಡುವ ಅಧಿಕಾರವಿಲ್ಲ. ನೌಕರರು ಕೆಲಸ ಬಿಟ್ಟರೆ ಅಥವಾ ಅವರನ್ನು ತೆಗೆದುಹಾಕಿದರೆ ಹತ್ತು ಕೆಲಸದ ದಿನಗಳೊಳಗೆ ಹೋಮ್ ಆಫೀಸ್‌ಗೆ (ಬ್ರಿಟನ್ನಿನ ಗೃಹ ಇಲಾಖೆ) ವರದಿ ಮಾಡುವುದಷ್ಟೇ ಸಂಸ್ಥೆಯ ಪಾಲಿನ ಕೆಲಸ. ಮುಂದಿನ ನಿರ್ಧಾರ ಹೋಮ್ ಆಫೀಸಿನದು. ವೀಸಾ ಮೊಟಕುಗೊಳಿಸುವ ಪತ್ರ ಬಂದರೂ ಸಾಮಾನ್ಯವಾಗಿ 60 ದಿನಗಳ ಅವಕಾಶವಿರುತ್ತದೆ, ಆ ಅವಧಿಯಲ್ಲಿ ಬೇರೆ ಸ್ಪಾನ್ಸರ್ ಸಿಕ್ಕಿದರೆ ಇಲ್ಲಿಯೇ ಅರ್ಜಿ ಹಾಕಬಹುದು. ಆ ಪತ್ರ ಇಮೇಲ್‌ಗೆ ಬರುವುದರಿಂದ ಅವಳ ವೀಸಾ ಖಾತೆಯಲ್ಲಿರುವ ಇಮೇಲ್ ಮತ್ತು ಫೋನ್ ಸಂಖ್ಯೆ ಅವಳದ್ದೇ ಆಗಿವೆಯೇ ಎಂದು ನೋಡಿಕೊಳ್ಳಲಿ. ನನ್ನ ಖಾತೆಯಲ್ಲಿ ಏಜೆಂಟನ ಇಮೇಲ್ ಇತ್ತು, ಅದರಿಂದಾಗಿ ಹದಿನೆಂಟು ದಿನಗಳು ನನಗೆ ತಿಳಿಯದೆಯೇ ಕಳೆದುಹೋದವು.

ಹಣದ ಬೇಡಿಕೆಯಂತೂ ಸ್ಪಷ್ಟವಾಗಿ ನಿಯಮಬಾಹಿರ. 2025ರ ಏಪ್ರಿಲ್ 9ರಿಂದ ಪ್ರಮಾಣಪತ್ರದ ಶುಲ್ಕ 525 ಪೌಂಡ್. 2024ರ ಡಿಸೆಂಬರ್ 31ರಂದು ಅಥವಾ ಆ ನಂತರ ನೀಡಿದ ಪ್ರಮಾಣಪತ್ರಗಳಿಗೆ ಅದನ್ನು ನೌಕರರಿಂದ ವಸೂಲು ಮಾಡುವಂತಿಲ್ಲ. ವಿದೇಶಿ ನೌಕರರಿಗಾಗಿ ಸಂಸ್ಥೆಯು ಸರ್ಕಾರಕ್ಕೆ ಕಟ್ಟುವ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಎಂಬ ಶುಲ್ಕವನ್ನು ನೌಕರರ ಮೇಲೆ ಹೊರಿಸಲು ಎಂದಿಗೂ ಅವಕಾಶವಿರಲಿಲ್ಲ. ಪೇಸ್ಲಿಪ್, ಡ್ಯೂಟಿ ರೋಟಾ (ಪಾಳಿಯ ಪಟ್ಟಿ), ಹಣ ಕೇಳಿದ ಸಂದೇಶ ಎಲ್ಲವನ್ನೂ ಅವಳು ಜೋಪಾನವಾಗಿಡಲಿ. ಗಂಟೆ ಮತ್ತು ಸಂಬಳದ ವಿಷಯದಲ್ಲಿ ಉದ್ಯೋಗದ ತಕರಾರುಗಳಲ್ಲಿ ನೆರವಾಗುವ ಏಕಾಸ್ (Acas) ಸಂಸ್ಥೆಯ ಸಹಾಯವಾಣಿ ಉಚಿತವಾಗಿ ಸಲಹೆ ಕೊಡುತ್ತದೆ.

ಪ್ರಶ್ನಿಸಿದವರು:

ಇಬ್ಬರಿಗೂ ತುಂಬು ಹೃದಯದ ಧನ್ಯವಾದಗಳು. ಐದು ವರ್ಷ ಪೂರ್ಣಗೊಂಡರೆ, ಅಂದರೆ 2028ಕ್ಕೆ, ಕಾಯಂ ವಾಸದ ಹಕ್ಕು ಸಿಗುತ್ತದೆಂಬ ಭರವಸೆಯಿಂದಲೇ ಅವಳು ಇದನ್ನೆಲ್ಲ ಸಹಿಸಿಕೊಂಡಿದ್ದಾಳೆ. ಅದಕ್ಕಾದರೂ ಧಕ್ಕೆಯಿಲ್ಲವಲ್ಲವೇ?

ಉತ್ತರ 1 ಬರೆದವಳು:

ಇಲ್ಲಿ ಹಾಗೆ ಭರವಸೆ ಕೊಡಲಾರೆ. 2025ರ ನವೆಂಬರ್‌ನಲ್ಲಿ ಸರ್ಕಾರ ಮುಂದಿಟ್ಟ ಪ್ರಸ್ತಾಪದಲ್ಲಿ ಸಾಮಾನ್ಯ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಹೆಚ್ಚಿಸಲಾಗಿದೆ; ಪದವಿ ಮಟ್ಟಕ್ಕಿಂತ ಕೆಳಗಿನ ಕೆಲಸಗಳಿಗೆ, ಅಂದರೆ ನಮ್ಮಂಥವರಿಗೆ, ಹದಿನೈದು ವರ್ಷ ಎಂದಿದೆ. ವೀಸಾ ನವೀಕರಣದಲ್ಲಿ ಮೊದಲೇ ಬಂದವರಿಗೆ ಸಿಕ್ಕ ರಕ್ಷಣೆ ಇದರಲ್ಲಿಯೂ ಸಿಗುತ್ತದೆಂದು ನಂಬುವಂತಿಲ್ಲ, ಏಕೆಂದರೆ ಇಲ್ಲಿಯೇ ಇದ್ದು ಇನ್ನೂ ಕಾಯಂ ವಾಸ ಪಡೆಯದವರಿಗೂ ಅದನ್ನು ಅನ್ವಯಿಸಬೇಕೆಂಬುದೇ ಆ ಪ್ರಸ್ತಾಪ. 2022ರ ಫೆಬ್ರುವರಿಯಲ್ಲಿ, ವೃದ್ಧರನ್ನು ನೋಡಿಕೊಳ್ಳಲು ಜನರಿಲ್ಲವೆಂದು ಈ ವೀಸಾವನ್ನು ತೆರೆದು ನಮ್ಮನ್ನು ಕರೆದವರೇ ಅರ್ಧ ದಾರಿಯಲ್ಲಿ ಲೆಕ್ಕ ಬದಲಿಸುವುದು ನನ್ನ ಮನಸ್ಸಿಗೆ ಅನ್ಯಾಯವೆಂದೇ ತೋರುತ್ತದೆ.

ಆದ್ದರಿಂದ 2028ರ ಆಸೆಗೆ ಕಟ್ಟುಬಿದ್ದು ಈ ಸಂಸ್ಥೆಯಲ್ಲಿಯೇ ಉಳಿಯುವುದು ಬೇಡ. ಸರಿಯಾದ ರೀತಿಯಲ್ಲಿ ಸಂಸ್ಥೆ ಬದಲಿಸಿದರೆ ಇದುವರೆಗಿನ ವರ್ಷಗಳು ಲೆಕ್ಕದಿಂದ ಬಿಟ್ಟುಹೋಗುವುದಿಲ್ಲ. ಅರ್ಜಿ ಹಾಕುವ ಮುನ್ನ ಒಮ್ಮೆ ಸಲಹೆಗಾರರನ್ನು ಕಾಣಲಿ. ಅವರು ವಕೀಲರಾಗಿರಬೇಕು ಅಥವಾ ವಲಸೆ ಸಲಹೆಗಾರರನ್ನು ನಿಯಂತ್ರಿಸುವ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹಾಗಲ್ಲದವರು ವೀಸಾ ಸಲಹೆ ನೀಡುವುದು ಇಲ್ಲಿ ಅಪರಾಧ. ಹೆಸರು ನೋಂದಣಿಯ ಪಟ್ಟಿಯಲ್ಲಿದೆಯೇ ಎಂಬುದನ್ನು ಅಂತರಜಾಲದಲ್ಲಿಯೇ ನೋಡಬಹುದು.