ಹೊಸ ಮನೆ ಕೊಳ್ಳುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ಕಾರವಾರದ ಶಾಲೆಯೊಂದರಲ್ಲಿ ಅಕ್ಕೋರು. ಸದಾಶಿವಗಡದ ಕಡೆ ಹೊಸ ಮನೆ ನೋಡಿದ್ದೇವೆ. ಚಿರೆಕಲ್ಲಿನ ಗೋಡೆ, ಮೇಲೆ ಸ್ಲ್ಯಾಬ್. ದೀಪಾವಳಿ ಆದಮೇಲೆ ಕೆಲಸ ಮುಗಿದಿದೆ. ಬಣ್ಣ, ಟೈಲ್ಸ್ ಎಲ್ಲ ಚೆಂದ ಇದೆ. ಈ ವಾರವೇ ಮುಂಗಡ ಕೊಡಿ ಅಂತಿದ್ದಾರೆ. ಕೊಡಬಹುದಾ?

ಉತ್ತರ (ಸಿವಿಲ್ ಎಂಜಿನಿಯರ್): ಈ ವಾರ ಬೇಡ ಅಕ್ಕೋರೆ. ಆ ಮನೆ ಇನ್ನೂ ಮಳೆಗಾಲವನ್ನೇ ಕಂಡಿಲ್ಲ. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಬೇಸಿಗೆಯಲ್ಲಿ ನೋಡಿದರೆ ಯಾವ ಗೋಡೆಯೂ ಒಣಗಿಯೇ ಇರುತ್ತದೆ.

ಅದಕ್ಕೇ ನೀರು ನಿಲ್ಲಿಸಿ ನೋಡಬೇಕು. ಟೆರೇಸಿನ ಪೈಪುಗಳ ಬಾಯಿ ಕಟ್ಟಿ, ಎರಡು ಇಂಚು ನೀರು ತುಂಬಿಸಿ, ಎರಡು ದಿನ ಬಿಡಿ. ಕೆಳಗಿನ ಸೀಲಿಂಗ್‌ನಲ್ಲಿ, ಅದರಲ್ಲೂ ಗೋಡೆ ಸೇರುವ ಮೂಲೆಗಳಲ್ಲಿ ತೇವ ಕಂಡರೆ ಅಲ್ಲೇ ನಿಲ್ಲಿಸಿ. ಮಹಡಿಯ ಬಚ್ಚಲಿಗೂ ಹೀಗೇ ಮಾಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ನಾನಂತೂ ಆ ಮನೆ ಬಿಡುತ್ತೇನೆ.

ಆಮೇಲೆ ಸಮುದ್ರದ ಕಡೆಯ ಗೋಡೆ ನೋಡಿ. ಮಳೆ ಅಲ್ಲಿಗೇ ಅಡ್ಡಡ್ಡ ಹೊಡೆಯುತ್ತದೆ, ಚಿರೆಕಲ್ಲು ನೀರು ಹೀರುತ್ತದೆ. ಕಿಟಕಿಗಳ ಮೇಲಿನ ಛಜ್ಜಾ ಸಾಕಷ್ಟು ಹೊರಗೆ ಬಂದಿರಬೇಕು. ಅದರ ಕೆಳಗಂಚಿನಲ್ಲಿ ನೀರು ಒಳಗೆ ಹರಿಯದೆ ಅಲ್ಲೇ ಉದುರುವಂತೆ ಗೀರು ಇರಬೇಕು. ಸ್ಲೈಡಿಂಗ್ ಕಿಟಕಿಯ ಹಳಿಯಲ್ಲಿ ನೀರು ಹೊರಹೋಗುವ ತೂತುಗಳು ಇವೆಯಾ ನೋಡಿ. ಎಷ್ಟೋ ಮನೆಗಳಲ್ಲಿ ಸಿಮೆಂಟು ತುಂಬಿ ಮುಚ್ಚಿಹೋಗಿರುತ್ತವೆ.

ಪ್ರಶ್ನೆ: ಕಂಬ, ಸ್ಲ್ಯಾಬ್ ಒಳಗಿನ ಕಬ್ಬಿಣ ಹೇಗಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು ಸರ್?

ಉತ್ತರ: ಕರಾವಳಿಯಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ. ಉಪ್ಪು ಒಳಗೆ ಇಳಿದರೆ ಕಬ್ಬಿಣ ತುಕ್ಕು ಹಿಡಿದು ಊದಿಕೊಳ್ಳುತ್ತದೆ, ಕಾಂಕ್ರೀಟ್ ಸೀಳುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಕರಾವಳಿ ಗಾಳಿಗೆ ನೇರ ತೆರೆದ ಕಾಂಕ್ರೀಟ್ ಕನಿಷ್ಠ ಎಂ30 ಎಂಬ ಬಲದ ದರ್ಜೆಯದ್ದಿರಬೇಕು, ಕಬ್ಬಿಣದ ಮೇಲೆ 45 ಮಿ.ಮೀ. ಕವರ್ (ಕಾಂಕ್ರೀಟಿನ ಹೊದಿಕೆ) ಬೇಕು. ಕಬ್ಬಿಣ ಎಷ್ಟು ಒಳಗಿದೆ ಅಂತ ಗೋಡೆ ಒಡೆಯದೆ ಅಳೆಯುವ ಕವರ್ ಮೀಟರ್ ಇದೆ. ಖರ್ಚಾದರೂ ಸರಿ, ಗೊತ್ತಿದ್ದವರಿಂದ ಅಳೆಸಿ. ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ. ಮರಳು ಎಲ್ಲಿಂದ ಬಂತು, ಕ್ಯೂರಿಂಗಿಗೆ (ಹೊಸ ಕಾಂಕ್ರೀಟಿಗೆ ನೀರುಣಿಸಲು) ಯಾವ ಬಾವಿಯ ನೀರು ಅಂತಲೂ ಕೇಳಿ. ಅಳಿವೆಯ ಹತ್ತಿರದ ಮರಳು, ಉಪ್ಪು ಬಾವಿಯ ನೀರು ಎರಡೂ ಅಪಾಯ.

ಕುಡಿಯುವ ನೀರನ್ನು ಮೇ ತಿಂಗಳಲ್ಲಿ ಪರೀಕ್ಷೆ ಮಾಡಿಸಿ, ಉಪ್ಪು ಕಾಣುವುದು ಆಗಲೇ. ಬಾವಿಗೂ ಇಂಗುಗುಂಡಿಗೂ 18 ಮೀಟರ್ ಅಂತರ ಇರಲಿ. ಚಿರೆಕಲ್ಲಿನ ನೆಲದಲ್ಲಿ ಕೊಳಕು ಬೇಗ ಹರಡುತ್ತದೆ.

ಪ್ರಶ್ನೆ (ಇನ್ನೊಬ್ಬರು, ಶಿರಸಿ): ಸರ್, ನಮಗೆ ಸಮುದ್ರದ ತಾಪತ್ರಯ ಇಲ್ಲ. ಗುಡ್ಡದ ಬುಡದ ಮನೆ. ಅಲ್ಲಿ ಏನು ನೋಡಬೇಕು? ಕಾಗದಪತ್ರದ ಬಗ್ಗೆಯೂ ಹೇಳಿ.

ಉತ್ತರ: ಮನೆಗಿಂತ ಮೊದಲು ಹಿಂದಿನ ಧರೆ ನೋಡಿ. ನೇರ ಕಡಿದ ಮಣ್ಣಿನ ಗೋಡೆ, ಮೇಲಿನ ನೀರಿಗೆ ಚರಂಡಿ ಇಲ್ಲ ಅಂದರೆ ಬೇಡವೇ ಬೇಡ. 2009ರ ಅಕ್ಟೋಬರ್‌ನಲ್ಲಿ ಕಡವಾಡದ ಝರಿವಾಡದಲ್ಲಿ, 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ಜಿಲ್ಲೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಕಲ್ಲಿನ ತಡೆಗೋಡೆ ಇದ್ದರೆ ಅದರಲ್ಲಿ ನೀರು ಬಸಿಯುವ ಪೈಪು ಇದೆಯಾ ನೋಡಿ.

ಕಾಗದದಲ್ಲಿ ಭೂಪರಿವರ್ತನೆ ಆದೇಶ (ಕೃಷಿ ಜಮೀನನ್ನು ಮನೆಗೆ ಬಳಸಲು), ಋಣಭಾರ ಪತ್ರ (ಇಸಿ), ಮಂಜೂರಾದ ನಕ್ಷೆ ಬೇಕೇಬೇಕು. ಪಟ್ಟಣದಲ್ಲಾದರೆ ಇ-ಖಾತೆ, ಪಂಚಾಯಿತಿಯಲ್ಲಾದರೆ ನಮೂನೆ 9 ಮತ್ತು 11ಎ. ನಿಯಮಬದ್ಧವಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿದರೆ ಮುಂಗಡ ಕೊಡದೆ ವಕೀಲರ ಹತ್ತಿರ ಹೋಗಿ. ಅಕ್ಕೋರೆ, ನೀವು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ) ಅನುಮತಿಯನ್ನೂ ಕೇಳಿ. ಸಮುದ್ರದಿಂದ ದೂರ ಇದ್ದರೂ ಕಾಳಿ ನದಿಯ ದಂಡೆಗೆ ಆ ನಿಯಮ ಬರುತ್ತದೆ. ಅದೇ ನದಿಯ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಎಲ್ಲಿಯವರೆಗೆ ಬಂದಿತ್ತು ಅಂತ ಅಕ್ಕಪಕ್ಕದವರನ್ನು ಕೇಳಿ, ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾದ ಫ್ಲ್ಯಾಟ್ ಆದರೆ, ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ದೋಷ ಕಂಡರೆ ತಿಳಿಸಿದ 30 ದಿನದೊಳಗೆ ಬಿಲ್ಡರ್ ಪುಕ್ಕಟೆ ಸರಿಮಾಡಬೇಕು. ಸಣ್ಣ ಜಾಗದ ಬಿಡಿ ಮನೆಗೆ ಆ ನೋಂದಣಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ನೀವಿಬ್ಬರೂ ಕರಾರಿನಲ್ಲೇ ಬರೆಸಿಕೊಳ್ಳಿ: ಮೊದಲ ಮಳೆಗಾಲದ ಸೋರಿಕೆ ಮಾರುವವರ ಖರ್ಚಿನಲ್ಲಿ ಸರಿಯಾಗಬೇಕು, ಅಲ್ಲಿಯವರೆಗೆ ಹಣದ ಒಂದು ಭಾಗ ನಿಮ್ಮ ಹತ್ತಿರವೇ ಇರಬೇಕು.