ಬಾಡಿಗೆ ಮನೆ, ಕಪಾಟಿನ ಹಿಂದೆ ಕಪ್ಪು ಬೂಷ್ಟು. ಏನು ಮಾಡೋದು?

ಹಬ್ಬುವಾಡದ ಬಾಡಿಗೆದಾರ:
ನಮ್ಮ ಊರು ಗದಗದ ಕಡೆ, ಕಾರವಾರಕ್ಕೆ ಬಂದಮೇಲೆ ಇದೇ ಮೊದಲ ಮಳೆಗಾಲ. ಶಾಲೆಗೆ ರಜೆ ಕೊಟ್ಟರು ಅಂತ ಮಗಳ ಶೂ ಹಾಗೇ ಬಿಟ್ಟಿದ್ದೆವು, ನಾಲ್ಕು ದಿನಕ್ಕೆ ಒಳಗೆಲ್ಲ ಹತ್ತಿ ತುರುಕಿದ ಹಾಗೆ ಬೆಳ್ಳಗೆ ಬೂಷ್ಟು. ಅದನ್ನು ಒರೆಸಿದೆ, ಹೋಯಿತು. ನಿನ್ನೆ ಕಪಾಟು ಸರಿಸಿದರೆ ಗೋಡೆಯಲ್ಲಿ ಕಿಟಕಿಯ ಕೆಳಗಿನಿಂದ ನೆಲದವರೆಗೂ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ! ಮಗಳಿಗೆ ರಾತ್ರಿ ಕೆಮ್ಮು ಬೇರೆ. ಮಾಲೀಕರಿಗೆ ಫೋನ್ ಮಾಡಿದರೆ "ಮಳೆಗಾಲ ಅಂದ್ರೆ ಹೀಗೇ, ಕಿಟಕಿ ತೆಗೆದಿಡಿ" ಅಂದರು. ತೆಗೆದರೆ ಎರಚಲು ಹಾಸಿಗೆ ಮೇಲೇ ಬೀಳುತ್ತದೆ. ನಾನೇ ಪೇಂಟ್ ಹೊಡೆಸಲಾ? ಖರ್ಚು ಯಾರದ್ದು?

ಕುಮಟಾದ ಗಾರೆ ಕೆಲಸದವ:
ಪೇಂಟ್ ಈಗ ಬೇಡವೇ ಬೇಡ ಮಾರಾಯ್ರೇ. ಒದ್ದೆ ಗೋಡೆಗೆ ಹೊಡೆದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ, ದುಡ್ಡು ದಂಡ. ಮೊದಲು ನೀರು ಎಲ್ಲಿಂದ ಬರ್ತಿದೆ ನೋಡಿ. ಒಂದು ಪ್ಲಾಸ್ಟಿಕ್ ಹಾಳೆ ತಗೊಂಡು, ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಗೋಡೆ ಕಡೆಯ ಮೈಯಲ್ಲಿ ನೀರಿನ ಹನಿ ಕೂತಿದ್ದರೆ ಗೋಡೆಯೇ ನೀರು ಕುಡಿದಿದೆ ಅಂತ. ಹೊರಮೈ ಒದ್ದೆಯಾದರೆ ಕೋಣೆಯ ಗಾಳಿಯ ಪಸೆ. ಚಿರೇಕಲ್ಲಿನ ಮನೆಯಾ? ಆ ಕಲ್ಲಿನ ತುಂಬ ತೂತು, ಗಿಲಾವ್ ಬಿರುಕು ಬಿಟ್ಟರೆ ನೀರು ಎಳೆದುಕೊಳ್ಳುತ್ತದೆ. ಅದೂ ಸಮುದ್ರದ ಕಡೆ ಮುಖ ಇರುವ ಗೋಡೆಯಾದರೆ ಕೇಳುವುದೇ ಬೇಡ.

ಶಿರಸಿ ಅಕ್ಕ:
ಒಣ ಪೊರಕೆ, ಬ್ರಷ್ ಹಾಕಿ ಉಜ್ಜಬೇಡಿ ತಮ್ಮಾ, ಪುಡಿ ಮನೆಯೆಲ್ಲ ಹಾರುತ್ತದೆ. ಮಗಳನ್ನು ಬೇರೆ ಕೋಣೆಗೆ ಕಳಿಸಿ. ಎನ್-೯೫ ಮಾಸ್ಕ್, ಕೈಗವಸು ಹಾಕಿಕೊಂಡು ಸೋಪಿನ ನೀರಲ್ಲಿ ಒರೆಸಿ, ಆಮೇಲೆ ಫ್ಯಾನ್ ಹಚ್ಚಿ ಒಣಗಿಸಿ. ಒರೆಸಿದ ಬಟ್ಟೆ ಎಸೆದುಬಿಡಿ. ಬ್ಲೀಚ್ ಬಳಸಿದರೆ ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಸೇರಿಸಲೇಬಾರದು, ಕ್ಲೋರಿನ್ ಗ್ಯಾಸ್ ಏಳುತ್ತದೆ.

ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗಿಡಿ. ಕಿಟಕಿ ದಿನವಿಡೀ ತೆಗೆದಿಟ್ಟು ಪ್ರಯೋಜನ ಇಲ್ಲ, ಹೊರಗಿನ ಗಾಳಿಯೂ ಒದ್ದೆಯೇ ಅಲ್ವಾ, ಮಳೆ ಹೊಳವಾದಾಗ ಸ್ವಲ್ಪ ಹೊತ್ತು ತೆಗೆದರೆ ಸಾಕು. ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತೀರಾ? ಅದನ್ನು ಮೊದಲು ನಿಲ್ಲಿಸಿ. ನಮ್ಮ ಅಜ್ಜಿ ಮನೆಯಲ್ಲಿ ಬಚ್ಚಲ ಒಲೆ ಮೇಲೆ ಒಣಗಿಸುತ್ತಿದ್ದರು, ಇಡೀ ಆಷಾಢ ನಮ್ಮ ಅಂಗಿಗೆಲ್ಲ ಹೊಗೆ ವಾಸನೆ. ಕೆಮ್ಮು ಬಿಡದಿದ್ದರೆ ಡಾಕ್ಟರಿಗೆ ತೋರಿಸಿ, ಸುಮ್ನೆ ಥಂಡಿ ಅಂತ ಬಿಡಬೇಡಿ.

ಕೋರ್ಟ್ ಓಡಾಟದವ:
ಖರ್ಚಿನ ವಿಷಯ. ಮೊದಲು ಕರಾರು ಪತ್ರ ತೆಗೆದು ರಿಪೇರಿ ಯಾರದ್ದು ಅಂತ ಬರೆದಿದೆ ನೋಡಿ. ೧೮೮೨ರ ಆಸ್ತಿ ವರ್ಗಾವಣೆ ಕಾಯ್ದೆಯ ೧೦೮ನೇ ಕಲಮಿನಲ್ಲಿ ಒಂದು ಮಾತಿದೆ: ಮಾಲೀಕ ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಕರಾರಿನಲ್ಲಿ ಬೇರೆ ಥರ ಇದ್ದರೆ ಅದೇ ನಡೆಯುತ್ತದೆ, ಹಾಗಾಗಿ ದುಡುಕಿ ಬಾಡಿಗೆ ತಡೆಹಿಡಿಯಬೇಡಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಫೋಟೊ, ತಾರೀಕು ಹಾಕಿ ವಾಟ್ಸಾಪಲ್ಲಾದರೂ ಬರೆದು ಕಳಿಸಿ. ನಾಳೆ ಅಡ್ವಾನ್ಸ್ ವಾಪಸ್ ಕೇಳುವಾಗ "ಗೋಡೆ ಹಾಳು ಮಾಡಿದ್ದೇ ನೀವು" ಅಂದರೆ ಆ ಮೆಸೇಜೇ ನಿಮಗೆ ಆಧಾರ.

ಹಬ್ಬುವಾಡದ ಬಾಡಿಗೆದಾರ:
ಪ್ಲಾಸ್ಟಿಕ್ ಅಂಟಿಸಿ ನೋಡಿದೆ. ಗೋಡೆ ಕಡೆಯೇ ಹನಿ, ಬೆವರಿದ ಹಾಗೆ. ಫೋಟೊ ಕಳಿಸಿದ ಮೇಲೆ ಮಾಲೀಕರು ಕೊಡೆ ಹಿಡಿದು ಬಂದರು, ಹೊರಗೆ ಕಿಟಕಿ ಚೌಕಟ್ಟಿನ ಕೆಳಗೆ ಬೆರಳು ಹೋಗುವಷ್ಟು ಬಿರುಕು ಸಿಕ್ಕಿತು. ಸದ್ಯಕ್ಕೆ ಮೇಲೆ ಶೀಟು ಹೊಡೆಸಿದ್ದಾರೆ. ಗಿಲಾವ್, ಪೇಂಟ್ ಎಲ್ಲ ಮಳೆ ಮುಗಿದು ಗೋಡೆ ಒಣಗಿದ ಮೇಲೆ. "ಪೇಂಟಿನ ಅರ್ಧ ಖರ್ಚು ನಿಮ್ಮದು" ಅಂತಿದ್ದಾರೆ, ಅದರ ಜಗ್ಗಾಟ ಇನ್ನೂ ಮುಗಿದಿಲ್ಲ. ಅಕ್ಕಾ, ಬಟ್ಟೆಯ ಹಗ್ಗ ಬಿಚ್ಚಿದೆವು, ಈಗ ಹಾಲ್‌ನಲ್ಲಿ ನೇತಾಡ್ತಿದೆ.